ಲ್ಯಾಪ್‌ಟಾಪ್ ಏಕೆ ಚಾರ್ಜ್ ಆಗದು?

ನಮ್ಮ ಪರಿಚಿತರೊಬ್ಬರ ಮಗಳು ಪದವಿ ತರಗತಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ಪ್ರಬಂಧವನ್ನು ಒಪ್ಪಿಸಲು ಇನ್ನು ಕೆಲವೇ ವಾರಗಳಿರುವಾಗ ಅವಳ ಲ್ಯಾಪ್‌ಟಾಪ್ ಒಂದು ವಿಚಿತ್ರವಾದ ಹಟ ಹಿಡಿಯಿತು. ಪ್ಲಗ್ ಹಾಕಿದರೆ ಯಂತ್ರವು ನಡೆಯುತ್ತಿತ್ತು. ಆದರೆ ಬ್ಯಾಟರಿ ಮಾತ್ರ ತುಂಬುತ್ತಿರಲಿಲ್ಲ. ಪ್ಲಗ್ ತೆಗೆದೊಡನೆ ದೀಪ ಆರಿದಂತೆ ಎಲ್ಲವೂ ನಿಂತುಹೋಗುತ್ತಿತ್ತು. ಬ್ಯಾಟರಿ ಸತ್ತಿದೆಯೆಂದು ಮನೆಯವರೆಲ್ಲರೂ ತೀರ್ಮಾನಿಸಿದರು. ನಾಲ್ಕು ಸಾವಿರ ರೂಪಾಯಿ ಕೊಟ್ಟು ಹೊಸ ಬ್ಯಾಟರಿಯನ್ನು ತಂದು ಹಾಕಿದ್ದಾಯಿತು. ಅದು ಅಂಗಡಿಯಿಂದ ಹೊತ್ತು ತಂದಿದ್ದ ಅಷ್ಟಿಷ್ಟು ವಿದ್ಯುತ್ತು ಎರಡು ಗಂಟೆಯಲ್ಲಿ ಮುಗಿಯಿತು. ಮತ್ತೆ ಮೊದಲಿನ ಕಥೆಯೇ. ಈ ಬಾರಿ ರಿಪೇರಿಯವರು ಮದರ್‌ಬೋರ್ಡ್ ಹೋಗಿದೆ, ಹನ್ನೊಂದು ಸಾವಿರ ಆಗುತ್ತದೆ ಎಂದರು. ಹುಡುಗಿಯ ತಂದೆ ಆ ಹಣವನ್ನು ಹೊಂದಿಸುವ ಮೊದಲು, ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಮಗಳೊಡನೆ ನಮ್ಮಲ್ಲಿಗೆ ಬಂದರು.

ದೋಷವು ಬ್ಯಾಟರಿಯಲ್ಲಿಯೂ ಇರಲಿಲ್ಲ, ಮದರ್‌ಬೋರ್ಡಿನಲ್ಲಿಯೂ ಇರಲಿಲ್ಲ. ಅದು ಎಲ್ಲಿತ್ತೆಂಬುದನ್ನು ಕಡೆಯಲ್ಲಿ ಹೇಳುವೆವು. ಅದಕ್ಕೆ ಮೊದಲು, ವಿದ್ಯುತ್ತು ಗೋಡೆಯಿಂದ ಹೊರಟು ಬ್ಯಾಟರಿಯನ್ನು ಸೇರುವ ದಾರಿಯನ್ನು ವಾಚಕರು ನಮ್ಮೊಡನೆ ಒಮ್ಮೆ ನಡೆದು ನೋಡಬೇಕು. ದಾರಿಯನ್ನು ಬಲ್ಲವರು ದೋಷವನ್ನು ತಾವೇ ಊಹಿಸಬಲ್ಲರು.

ಕಾಲುವೆಯ ಗುಂಟ

ಕೆರೆಯ ಕೆಳಗಣ ಗದ್ದೆಗಳನ್ನು ಬಲ್ಲವರಿಗೆ ಈ ವಿಷಯ ಸುಲಭವಾಗಿ ಮನದಟ್ಟಾಗುತ್ತದೆ. ಕೊನೆಯ ಗದ್ದೆಗೆ ನೀರು ಬಾರದಿದ್ದರೆ ರೈತನು ಗದ್ದೆಯನ್ನು ಅಗೆಯತೊಡಗುವುದಿಲ್ಲ. ಗುದ್ದಲಿಯನ್ನು ಹೆಗಲ ಮೇಲಿಟ್ಟುಕೊಂಡು ಕಾಲುವೆಯ ಗುಂಟ ನಡೆಯುತ್ತಾನೆ. ತೂಬು ಮುಚ್ಚಿದೆಯೇ, ಏರಿ ಒಡೆದು ನೀರು ಬೇರೆ ಕಡೆ ಹರಿಯುತ್ತಿದೆಯೇ, ಇಲ್ಲವೇ ಊರ ನೀರುಗಂಟಿಯೇ ಏನೋ ಕಾರಣದಿಂದ ನೀರನ್ನು ತಡೆದಿದ್ದಾನೆಯೇ ಎಂದು ಒಂದೊಂದನ್ನೇ ನೋಡುತ್ತಾನೆ.

ಲ್ಯಾಪ್‌ಟಾಪಿನ ಕಾಲುವೆಯಲ್ಲಿ ಐದು ಘಟ್ಟಗಳಿವೆ. ಮೊದಲನೆಯದು ಗೋಡೆಯ ಸಾಕೆಟ್ಟು, ಎರಡನೆಯದು ಅಡಾಪ್ಟರ್, ಮೂರನೆಯದು ಅಡಾಪ್ಟರಿನ ತಂತಿ ಮತ್ತು ಅದು ಯಂತ್ರದೊಳಕ್ಕೆ ಹೋಗುವ ಬಾಯಿ, ನಾಲ್ಕನೆಯದು ಚಾರ್ಜ್ ಮಾಡುವುದನ್ನು ನಿಯಂತ್ರಿಸುವ ಮಂಡಲ, ಐದನೆಯದು ಬ್ಯಾಟರಿ. ಇವುಗಳಲ್ಲಿ ಮೊದಲ ಮೂರು ಯಂತ್ರದ ಹೊರಗಿವೆ, ಅಥವಾ ಹೊರಗಿನಿಂದಲೇ ನೋಡಲು ಸಿಕ್ಕುತ್ತವೆ. ಅವನ್ನು ಪರೀಕ್ಷಿಸಲು ಹಣವೂ ಬೇಡ, ಸ್ಕ್ರೂಡ್ರೈವರೂ ಬೇಡ.

ಗೋಡೆ ಮತ್ತು ಅಡಾಪ್ಟರ್

ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತು ೨೩೦ ವೋಲ್ಟಿನ ಪರ್ಯಾಯ ಪ್ರವಾಹ. ಅದು ಸೆಕೆಂಡಿಗೆ ೫೦ ಆವರ್ತನಗಳಂತೆ ತನ್ನ ದಿಕ್ಕನ್ನು ಹಿಂದುಮುಂದಾಗಿ ಬದಲಿಸುತ್ತಿರುತ್ತದೆ. ಹಳೆಯ ಸಾಕೆಟ್ಟುಗಳ ಒಳಗಿನ ಹಿಡಿತ ಸಡಿಲವಾಗಿ, ಪ್ಲಗ್ಗು ಹಾಕಿದಂತೆ ಕಂಡರೂ ತಾಗದೆ ಇರುವುದುಂಟು. ಹಾಸ್ಟೆಲಿನ ಕೊಠಡಿಗಳಲ್ಲಿ ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸಿ ನಾಲ್ಕು ಜನ ಹಂಚಿಕೊಳ್ಳುವಾಗ ಈ ತೊಂದರೆ ಇನ್ನೂ ಹೆಚ್ಚು. ಅದೇ ಸಾಕೆಟ್ಟಿಗೆ ಮೇಜಿನ ದೀಪವನ್ನು ಹಾಕಿ ನೋಡಿದರೆ ಅರ್ಧ ನಿಮಿಷದಲ್ಲಿ ಸಂಶಯ ತೀರುತ್ತದೆ. ಗೋಡೆಯಿಂದ ಅಡಾಪ್ಟರಿಗೆ ಬರುವ ತಂತಿಯು ಅಡಾಪ್ಟರಿನಲ್ಲಿ ಪೂರ್ತಿ ಕೂತಿದೆಯೇ ಎಂಬುದನ್ನೂ ಒತ್ತಿ ನೋಡಬೇಕು.

ಹಳ್ಳಿಯ ಮನೆಗಳಲ್ಲಿ ಸಂಜೆಯ ವೇಳೆ ವೋಲ್ಟೇಜು ಇಳಿಯುವುದೇ ಇದಕ್ಕೆ ಕಾರಣವೆಂದು ಕೆಲವರು ಶಂಕಿಸುತ್ತಾರೆ. ಇದು ಸಾಮಾನ್ಯವಾಗಿ ನಿಜವಲ್ಲ. ಅಡಾಪ್ಟರಿನ ಬೆನ್ನಿನ ಮೇಲಿನ ಬರಹವನ್ನು ಓದಿದರೆ, ಬಹುಮಟ್ಟಿಗೆ ಎಲ್ಲದರಲ್ಲಿಯೂ ೧೦೦ರಿಂದ ೨೪೦ ವೋಲ್ಟಿನವರೆಗೆ ಎಂದು ಅಚ್ಚಾಗಿರುತ್ತದೆ. ವೋಲ್ಟೇಜು ೧೮೦ಕ್ಕೆ ಇಳಿದು ಹಳೆಯ ಮಾದರಿಯ ಬಲ್ಬು ಮಂಕಾದಾಗಲೂ ಅಡಾಪ್ಟರು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ.

ಇದು ಹೇಗೆ ಸಾಧ್ಯ? ಅಡಾಪ್ಟರು ಮೊದಲು ಪರ್ಯಾಯ ಪ್ರವಾಹವನ್ನು ಏಕಮುಖ ಪ್ರವಾಹವಾಗಿ ಮಾರ್ಪಡಿಸುತ್ತದೆ. ೨೩೦ ವೋಲ್ಟೆಂಬುದು ಒಂದು ಬಗೆಯ ಸರಾಸರಿ. ಅಲೆಯ ತುದಿ ಸುಮಾರು ೩೨೫ ವೋಲ್ಟಿನವರೆಗೆ ಏರುತ್ತದೆ. ಆದಕಾರಣ ಅಡಾಪ್ಟರಿನ ಒಳಗೆ ಸುಮಾರು ೩೨೫ ವೋಲ್ಟಿನ ಏಕಮುಖ ವಿದ್ಯುತ್ತು ಸಂಗ್ರಹವಾಗುತ್ತದೆ. ಒಂದು ಟ್ರಾನ್ಸಿಸ್ಟರು ಇದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಅಥವಾ ಇನ್ನೂ ಹೆಚ್ಚು ಸಲ ಕಡಿದು, ಬಿಟ್ಟು, ಕಡಿದು, ಬಿಟ್ಟು ಒಂದು ಚಿಕ್ಕ ಪರಿವರ್ತಕದ ಮೂಲಕ ಹಾಯಿಸುತ್ತದೆ. ಹೊರಗೆ ೧೯ ಅಥವಾ ೨೦ ವೋಲ್ಟು ಮಾತ್ರ ಬರುವಂತೆ, ಕಡಿಯುವ ಕಾಲವನ್ನು ಹೆಚ್ಚು ಕಡಿಮೆ ಮಾಡಲಾಗುತ್ತದೆ. ಒಳಕ್ಕೆ ಬರುವ ವೋಲ್ಟೇಜು ಇಳಿದರೆ ಬಿಡುವ ಕಾಲ ಹಿಗ್ಗುತ್ತದೆ, ಏರಿದರೆ ಕುಗ್ಗುತ್ತದೆ. ಆವರ್ತನದ ಸಂಖ್ಯೆ ಹೆಚ್ಚಿದಷ್ಟೂ ಪರಿವರ್ತಕ ಚಿಕ್ಕದಾಗಬಹುದು. ೫೦ ಆವರ್ತನಗಳ ವಿದ್ಯುತ್ತಿನಲ್ಲಿಯೇ ಈ ಕೆಲಸವನ್ನು ಮಾಡಬೇಕಾಗಿದ್ದಲ್ಲಿ, ನಾವು ಲ್ಯಾಪ್‌ಟಾಪಿನ ಜೊತೆಗೆ ಇಟ್ಟಿಗೆಯಂಥ ಕಬ್ಬಿಣದ ಗಟ್ಟಿಯನ್ನು ಹೊತ್ತು ತಿರುಗಬೇಕಾಗುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪ್ಲಗ್ಗನ್ನು ತೆಗೆದ ಮೇಲೆಯೂ ಅಡಾಪ್ಟರಿನ ಒಳಗಿನ ಕೆಪಾಸಿಟರು ಆ ೩೨೫ ವೋಲ್ಟನ್ನು ಕೆಲವು ಕಾಲ ಹಿಡಿದಿಟ್ಟುಕೊಂಡಿರಬಹುದು. ಕುತೂಹಲದಿಂದಾಗಲಿ ಉಳಿತಾಯದ ಆಸೆಯಿಂದಾಗಲಿ ಅಡಾಪ್ಟರನ್ನು ಬಿಚ್ಚಕೂಡದು.

ಅಡಾಪ್ಟರಿನ ಮೇಲಿನ ಬರಹದಲ್ಲಿ ಇನ್ನೊಂದು ಸಾಲೂ ಇದೆ. ಉದಾಹರಣೆಗೆ, ಹೊರಬರುವ ವಿದ್ಯುತ್ತು ೧೯.೫ ವೋಲ್ಟ್, ೩.೩೪ ಆಂಪೇರ್ ಎಂದಿದ್ದರೆ, ಇವೆರಡನ್ನು ಗುಣಿಸಿದಾಗ ಸುಮಾರು ೬೫ ವಾಟ್ ಆಗುತ್ತದೆ. ಬೇರೆ ಅಡಾಪ್ಟರನ್ನು ಹಾಕುವಾಗ ವೋಲ್ಟು ಒಂದೇ ಆಗಿರಬೇಕು. ಆಂಪೇರು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಾಗಿರಬೇಕು. ೬೫ ವಾಟ್ ಬೇಡುವ ಯಂತ್ರಕ್ಕೆ ೪೫ ವಾಟಿನ ಅಡಾಪ್ಟರನ್ನು ಹಾಕಿದರೆ, ಬಂದದ್ದೆಲ್ಲವೂ ಯಂತ್ರದ ಕೆಲಸಕ್ಕೇ ಖರ್ಚಾಗಿ ಬ್ಯಾಟರಿಗೆ ಏನೂ ಉಳಿಯದೆ ಹೋಗಬಹುದು.

ತಂತಿಯ ಕುತ್ತಿಗೆ

ಅಡಾಪ್ಟರಿನ ಮೇಲಿನ ಸಣ್ಣ ದೀಪ ಉರಿಯುತ್ತಿದ್ದರೆ ಅಡಾಪ್ಟರು ಸರಿಯಾಗಿದೆಯೆಂದು ನಂಬುವವರುಂಟು. ಆ ದೀಪವು ಪೆಟ್ಟಿಗೆಯವರೆಗೆ ವಿದ್ಯುತ್ತು ಬಂದಿದೆಯೆಂಬುದನ್ನಷ್ಟೇ ತಿಳಿಸುತ್ತದೆ. ಅಲ್ಲಿಂದ ಮುಂದಿನ ಒಂದೂವರೆ ಮೀಟರ್ ತಂತಿಯ ಯೋಗಕ್ಷೇಮ ಅದಕ್ಕೆ ಗೊತ್ತಿಲ್ಲ. ತಂತಿಯನ್ನು ದಿನವೂ ಸುತ್ತಿ ಚೀಲಕ್ಕೆ ತುರುಕುವಾಗ, ಪ್ಲಗ್ಗಿನ ಕುತ್ತಿಗೆಯ ಬಳಿ ಅದು ಮತ್ತೆ ಮತ್ತೆ ಬಾಗುತ್ತದೆ. ಹೊರಗಿನ ರಬ್ಬರು ಹಾಗೆಯೇ ಇದ್ದು, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕುತ್ತಿಗೆಯನ್ನು ಮೆಲ್ಲಗೆ ಆಡಿಸಿದಾಗ ಚಾರ್ಜಿನ ಗುರುತು ಬಂದು ಹೋಗುತ್ತಿದ್ದರೆ ದೋಷವು ಅಲ್ಲಿದೆ, ಅಥವಾ ಯಂತ್ರದ ಬಾಯಿಯ ಬೆಸುಗೆ ಬಿಟ್ಟಿದೆ. ಆ ಭಾಗ ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಕೂಡಲೇ ಪ್ಲಗ್ ತೆಗೆಯಬೇಕು. ಬಾಯಿಯಲ್ಲಿ ಬಟ್ಟೆಯ ನೂಲು, ಧೂಳು ಸೇರಿಕೊಂಡಿದ್ದರೆ ಯಂತ್ರವನ್ನು ಪೂರ್ತಿ ಆರಿಸಿ, ಒಣಗಿದ ಮರದ ಕಡ್ಡಿಯಿಂದ ಬಿಡಿಸಬಹುದು. ಸೂಜಿ, ಪಿನ್ನುಗಳನ್ನು ಹಾಕಬಾರದು.

ಹೆಸರು ಹೇಳುವ ತಂತಿ

ಮೊದಲಿನ ಕಾಲದ ರೇಡಿಯೋ ಅಥವಾ ಟಾರ್ಚಿಗೆ ವಿದ್ಯುತ್ತು ಬಂದರೆ ಸಾಕಾಗಿತ್ತು. ಈಗಿನ ಲ್ಯಾಪ್‌ಟಾಪಿಗೆ ವಿದ್ಯುತ್ತಿನ ಜೊತೆಗೆ ಪರಿಚಯವೂ ಬೇಕು. ಬಂದಿರುವ ಅಡಾಪ್ಟರು ಯಾವುದು, ಎಷ್ಟು ವಾಟ್ ಕೊಡಬಲ್ಲದು ಎಂಬುದು ತಿಳಿಯದೆ ಅದು ಹೆಚ್ಚಿನ ವಿದ್ಯುತ್ತನ್ನು ಎಳೆದುಕೊಳ್ಳುವುದಿಲ್ಲ. ಶಕ್ತಿಗೆ ಮೀರಿ ಎಳೆದರೆ ಅಡಾಪ್ಟರು ಕಾದು ಕೆಡಬಹುದೆಂಬುದೇ ಇದಕ್ಕೆ ಕಾರಣ.

೨೦೧೪ರಲ್ಲಿ ಪ್ರಕಟವಾದ ಯುಎಸ್‌ಬಿ ಟೈಪ್-ಸಿ ಎಂಬ ಚಪ್ಪಟೆಯಾದ ಪ್ಲಗ್ಗಿನಲ್ಲಿ ಈ ಪರಿಚಯವು ಒಂದು ಸಂಭಾಷಣೆಯೇ ಆಗಿದೆ. ಮೊದಲಿಗೆ ಚಾರ್ಜರು ೫ ವೋಲ್ಟನ್ನು ಮಾತ್ರ ಕೊಡುತ್ತದೆ. ಬಳಿಕ, ವಿದ್ಯುತ್ತನ್ನು ಹೊರದ ಬೇರೊಂದು ತಂತಿಯ ಮೂಲಕ, ತಾನು ಏನೇನು ಕೊಡಬಲ್ಲೆನೆಂದು ತಿಳಿಸುತ್ತದೆ. ಲ್ಯಾಪ್‌ಟಾಪು ತನಗೆ ಬೇಕಾದುದನ್ನು ಕೇಳಿ ಪಡೆಯುತ್ತದೆ. ಸಾಮಾನ್ಯವಾಗಿ ೨೦ ವೋಲ್ಟು. ಹೀಗೆ ೧೦೦ ವಾಟಿನವರೆಗೆ ಒಯ್ಯಬಹುದಾಗಿದ್ದುದನ್ನು ೨೦೨೧ರಲ್ಲಿ ೨೪೦ ವಾಟಿಗೆ ಏರಿಸಲಾಯಿತು. ಸಂಭಾಷಣೆ ನಡೆಯದಿದ್ದರೆ ಹೆಚ್ಚೆಂದರೆ ೫ ವೋಲ್ಟು, ೩ ಆಂಪೇರು, ಅಂದರೆ ೧೫ ವಾಟ್ ಸಿಕ್ಕೀತು. ಹಲವು ಲ್ಯಾಪ್‌ಟಾಪುಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಮೊಬೈಲ್ ಫೋನಿನ ಚಾರ್ಜರನ್ನು ಹಾಕಿ ಲ್ಯಾಪ್‌ಟಾಪ್ ಕೆಟ್ಟಿದೆಯೆನ್ನುವವರು ಇದನ್ನು ನೆನಪಿಡಬೇಕು. ತಂತಿಯದೂ ಒಂದು ಮಿತಿಯಿದೆ: ಸಾಮಾನ್ಯವಾದ ಟೈಪ್-ಸಿ ತಂತಿಯು ೩ ಆಂಪೇರಿಗೆ ಮಾತ್ರ ತಕ್ಕುದು; ೫ ಆಂಪೇರನ್ನು ಒಯ್ಯುವ ತಂತಿಯಲ್ಲಿ ಅದರ ಯೋಗ್ಯತೆಯನ್ನು ಸಾರುವ ಒಂದು ಚಿಪ್ಪು ಇರಬೇಕು. ಯಂತ್ರದಲ್ಲಿ ಎರಡು ಟೈಪ್-ಸಿ ಬಾಯಿಗಳಿದ್ದರೆ, ಅವುಗಳಲ್ಲಿ ಒಂದು ಮಾತ್ರ ಚಾರ್ಜನ್ನು ಸ್ವೀಕರಿಸುವುದೂ ಉಂಟು. ಇನ್ನೂ ಒಂದು ವಿಷಯ: ಯಾವುದಕ್ಕೂ ಜೋಡಿಸದ ಟೈಪ್-ಸಿ ಚಾರ್ಜರಿನ ತುದಿಗೆ ಮಲ್ಟಿಮೀಟರ್ ಹಿಡಿದರೆ ವೋಲ್ಟೇಜು ಕಾಣಿಸುವುದಿಲ್ಲ. ಅದು ಚಾರ್ಜರಿನ ದೋಷವಲ್ಲ. ಎದುರಿಗೆ ಯಾರೂ ಇಲ್ಲದೆ ಅದು ಬಾಯಿ ತೆರೆಯದು.

ಗುಂಡಗಿನ ಹಳೆಯ ಪ್ಲಗ್ಗುಗಳಲ್ಲಿಯೂ ಕೆಲವು ತಯಾರಕರು ಇಂಥ ಏರ್ಪಾಟನ್ನು ಮಾಡಿದ್ದಾರೆ. ಪ್ಲಗ್ಗಿನ ನಡುವೆ ಸೂಜಿಯಂಥ ಸಣ್ಣ ಮೊನೆಯೊಂದಿರುತ್ತದೆ. ಅದು ವಿದ್ಯುಚ್ಛಕ್ತಿಯನ್ನು ಹೊರುವುದಿಲ್ಲ. ಅಡಾಪ್ಟರಿನ ಒಳಗಿರುವ ಚಿಪ್ಪೊಂದು ಅದರ ಮೂಲಕ ತನ್ನ ವಾಟನ್ನು ಹೇಳಿಕೊಳ್ಳುತ್ತದೆ. ಈ ಮಾತು ಕೇಳಿಸದಿದ್ದರೆ ಲ್ಯಾಪ್‌ಟಾಪು ಅಪರಿಚಿತನೊಡನೆ ವ್ಯವಹರಿಸುವಂತೆ ಜಾಗರೂಕವಾಗುತ್ತದೆ: ನಿಧಾನವಾಗಿ ಕೆಲಸ ಮಾಡುತ್ತದೆ, ಬ್ಯಾಟರಿಯನ್ನು ತುಂಬಿಸುವುದಿಲ್ಲ.

ಒಳಗಿನ ನೀರುಗಂಟಿ

ಇನ್ನು ಯಂತ್ರದ ಒಳಗೆ ಬರೋಣ. ಬ್ಯಾಟರಿಗೆ ಎಷ್ಟು ವಿದ್ಯುತ್ತನ್ನು ಯಾವಾಗ ಬಿಡಬೇಕೆಂಬುದನ್ನು ನಿಯಂತ್ರಕ ಮಂಡಲವು ನಿರ್ಧರಿಸುತ್ತದೆ. ಊರಿನ ನೀರುಗಂಟಿಯಂತೆ ಇದೂ ಕೆಲವೊಮ್ಮೆ ಬೇಕೆಂದೇ ತೂಬನ್ನು ಮುಚ್ಚುತ್ತದೆ. ಅಂಥ ಸಂದರ್ಭಗಳಲ್ಲಿ ಯಾವುದೂ ಕೆಟ್ಟಿರುವುದಿಲ್ಲ.

ಅನೇಕ ತಯಾರಕರು ಬ್ಯಾಟರಿಯ ಆಯುಸ್ಸನ್ನು ಕಾಪಾಡಲು ಚಾರ್ಜನ್ನು ಶೇಕಡಾ ೬೦ಕ್ಕೋ ೮೦ಕ್ಕೋ ನಿಲ್ಲಿಸುವ ಸೌಕರ್ಯವನ್ನು ಇಟ್ಟಿದ್ದಾರೆ. ಸದಾ ತುಂಬಿಯೇ ಇರುವ ಲಿಥಿಯಂ ಕೋಶವು, ಅದರಲ್ಲಿಯೂ ಬಿಸಿಯಾಗಿದ್ದಾಗ, ಬೇಗ ಮುಪ್ಪಾಗುತ್ತದೆಂಬುದೇ ಇದರ ಕಾರಣ. ಲ್ಯಾಪ್‌ಟಾಪು ಪ್ರತಿ ಬಾರಿಯೂ ಒಂದೇ ಅಂಕಿಯಲ್ಲಿ ನಿಂತರೆ ಮೊದಲು ಸೆಟ್ಟಿಂಗ್ಸ್ ನೋಡಬೇಕು. ಉಷ್ಣತೆಯೂ ಒಂದು ಕಾರಣ. ಸಾಮಾನ್ಯವಾಗಿ ಇಂಥ ಕೋಶಗಳನ್ನು ೦ಯಿಂದ ೪೫ ಡಿಗ್ರಿ ಸೆಂಟಿಗ್ರೇಡಿನ ನಡುವೆ ಮಾತ್ರ ಚಾರ್ಜ್ ಮಾಡುತ್ತಾರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ, ರಾಯಚೂರುಗಳ ಹಗಲು ೪೦ ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಆಗ ಹಾಸಿಗೆಯ ಮೇಲೆ, ಗಾಳಿಯ ಕಿಂಡಿಗಳು ಮುಚ್ಚುವಂತೆ ಇಟ್ಟ ಲ್ಯಾಪ್‌ಟಾಪಿನ ಬ್ಯಾಟರಿ ೪೫ನ್ನು ಮೀರುವುದು ಕಷ್ಟವಲ್ಲ. ಅರ್ಧ ಗಂಟೆ ಆರಿಸಿ ತಣ್ಣಗಿನ ಮೇಜಿನ ಮೇಲಿಟ್ಟರೆ ಚಾರ್ಜು ತಾನಾಗಿಯೇ ಆರಂಭವಾಗುತ್ತದೆ.

ನಿಯಂತ್ರಕವು ಕೆಲವೊಮ್ಮೆ ಗೊಂದಲಕ್ಕೂ ಈಡಾಗುವುದುಂಟು. ಯಂತ್ರವನ್ನು ಆರಿಸಿ, ಅಡಾಪ್ಟರನ್ನು ತೆಗೆದು, ಬ್ಯಾಟರಿ ಹೊರಗೆ ಬರುವಂಥದಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿದರೆ ಒಳಗೆ ಉಳಿದಿದ್ದ ವಿದ್ಯುತ್ತು ಸೋರಿಹೋಗಿ ಅದು ಹೊಸದಾಗಿ ಕೆಲಸವನ್ನು ಆರಂಭಿಸಬಹುದು. ಖರ್ಚಿಲ್ಲದ ಈ ಉಪಾಯವು ಹಲವು ಬಾರಿ ಫಲಿಸುತ್ತದೆ.

ಬ್ಯಾಟರಿಯ ಮುಪ್ಪು

ಕೊನೆಯ ಘಟ್ಟ ಬ್ಯಾಟರಿ. ಲಿಥಿಯಂ ಅಯಾನು ಬ್ಯಾಟರಿಯನ್ನು ೧೯೯೧ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪನಿ. ಅದಕ್ಕೆ ತಳಹದಿ ಹಾಕಿದ ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಜಾನ್ ಗುಡಿನಫ್, ಅಕಿರ ಯೋಷಿನೊ ಎಂಬ ಮೂವರು ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದರು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಕೋಬಾಲ್ಟ್ ಮೊದಲಾದ ಲೋಹಗಳ ಆಕ್ಸೈಡಿನಿಂದ ಹೊರಟು ಗ್ರ್ಯಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಪ್ರತಿ ಪಯಣದಲ್ಲಿಯೂ ಸ್ವಲ್ಪ ಲಿಥಿಯಂ ಗ್ರ್ಯಾಫೈಟಿನ ಮೇಲೆ ತೆಳುವಾದ ಪೊರೆಯಾಗಿ ಸಿಕ್ಕಿಕೊಂಡು ವ್ಯರ್ಥವಾಗುತ್ತದೆ. ಕೆಲವು ನೂರು ಬಾರಿ ತುಂಬಿ ಬರಿದಾದ ಬ್ಯಾಟರಿಯ ಅಳತೆ ಕುಗ್ಗುವುದು ಇದರಿಂದಲೇ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮುಪ್ಪಾದ ಬ್ಯಾಟರಿ ಬೇಗ ತುಂಬಿ ಬೇಗ ಬರಿದಾಗುತ್ತದೆ. ಅದು ಎಳ್ಳಷ್ಟೂ ತುಂಬದಿರುವುದು ಬೇರೆ ರೋಗದ ಲಕ್ಷಣ. ತಿಂಗಳುಗಟ್ಟಲೆ ಬರಿದಾಗಿ ಬೀರುವಿನಲ್ಲಿ ಬಿದ್ದಿದ್ದ ಬ್ಯಾಟರಿಯಲ್ಲಿ, ಋಣಧ್ರುವದ ತಾಮ್ರದ ಹಾಳೆ ಕರಗತೊಡಗುವ ಸಂಭವವಿದೆ. ಅದನ್ನು ಬಲವಂತವಾಗಿ ಚಾರ್ಜ್ ಮಾಡಿದರೆ ಒಳಗೇ ಷಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹೊತ್ತೀತು. ನೀರುಗಂಟಿ ಅದಕ್ಕೆ ತೂಬನ್ನು ತೆರೆಯದಿರುವುದು ನ್ಯಾಯವೇ ಆಗಿದೆ. ವಿಂಡೋಸ್ ಯಂತ್ರಗಳಿಂದ ಬ್ಯಾಟರಿ ರಿಪೋರ್ಟ್ ಎಂಬ ವರದಿಯನ್ನು ಪಡೆಯಬಹುದು. ಬ್ಯಾಟರಿ ಹೊಸದಾಗಿದ್ದಾಗ ಹಿಡಿಯಬೇಕಾಗಿದ್ದುದೆಷ್ಟು, ಈಗ ಹಿಡಿಯುವುದೆಷ್ಟು ಎಂಬ ಎರಡು ಅಂಕಿಗಳು ಅದರಲ್ಲಿರುತ್ತವೆ.

ಯಂತ್ರದ ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ, ಬ್ಯಾಟರಿಯಲ್ಲಿ ಅನಿಲ ತುಂಬಿದೆಯೆಂದು ತಿಳಿಯಬೇಕು. ಆಗ ಮುಂದಿನ ಪರೀಕ್ಷೆಗಳೆಲ್ಲವೂ ನಿಲ್ಲತಕ್ಕದ್ದು. ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು, ಕಸದ ಬುಟ್ಟಿಗೂ ಎಸೆಯಬಾರದು. ಯಂತ್ರವನ್ನು ಆರಿಸಿ ತಿಳಿದವರಿಂದ ತೆಗೆಸಿ, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವವರಿಗೆ ಕೊಡಬೇಕು.

ಒಂದೊಂದೇ ಹೆಜ್ಜೆ

ದಾರಿ ತಿಳಿದ ಮೇಲೆ ಪರೀಕ್ಷೆಯ ಕ್ರಮವು ಸುಲಭ. ಇದಕ್ಕೆ ಎರಡೇ ನಿಯಮಗಳು. ಮೊದಲನೆಯದು, ಹೊರಗಿನಿಂದ ಒಳಕ್ಕೆ, ಅಗ್ಗದಿಂದ ದುಬಾರಿಗೆ ನಡೆಯಬೇಕು. ಎರಡನೆಯದು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಸಾಕೆಟ್ಟು, ಅಡಾಪ್ಟರು, ಸೆಟ್ಟಿಂಗ್ಸ್ ಮೂರನ್ನೂ ಒಟ್ಟಿಗೆ ಬದಲಿಸಿದಾಗ ಲ್ಯಾಪ್‌ಟಾಪು ಚಾರ್ಜಾದರೂ, ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ.

ಅಡಾಪ್ಟರಿನ ಮೇಲೆ ಸಂಶಯವಿದ್ದರೆ ಅದೇ ಮಾದರಿಯ ಯಂತ್ರವುಳ್ಳ ಗೆಳೆಯರನ್ನು ಹುಡುಕುವುದು ಮೇಲು. ಅವರ ಅಡಾಪ್ಟರು ನಮ್ಮ ಯಂತ್ರವನ್ನು ಚಾರ್ಜ್ ಮಾಡಿತೇ? ನಮ್ಮ ಅಡಾಪ್ಟರು ಅವರ ಯಂತ್ರವನ್ನು ಚಾರ್ಜ್ ಮಾಡಿತೇ? ಈ ಎರಡು ಪ್ರಶ್ನೆಗಳ ಉತ್ತರವು ಹೊರಗಿನ ದೋಷವನ್ನೂ ಒಳಗಿನ ದೋಷವನ್ನೂ ಬೇರ್ಪಡಿಸುತ್ತದೆ. ಸಾಕೆಟ್ಟು, ಅಡಾಪ್ಟರು, ಸೆಟ್ಟಿಂಗ್ಸ್, ಉಷ್ಣತೆ, ಪವರ್ ಗುಂಡಿ, ಬ್ಯಾಟರಿಯ ವರದಿ ಇಷ್ಟನ್ನೂ ನೋಡಿದ ಮೇಲೆಯೂ ದೋಷ ಸಿಕ್ಕದಿದ್ದರೆ ಆಗ ಅಂಗಡಿಗೆ ಹೋಗಬಹುದು. ಹೋಗುವಾಗ, ಏನೇನನ್ನು ನೋಡಿಯಾಯಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು.

ಈಗ ಮೊದಲು ಹೇಳಿದ ಹುಡುಗಿಯ ಯಂತ್ರಕ್ಕೆ ಬರೋಣ. ನಾವು ಅದನ್ನು ಮೇಜಿನ ಮೇಲಿಟ್ಟು ಪ್ಲಗ್ ಹಾಕಿ ಚಾಲೂ ಮಾಡಿದೆವು. ಕಪ್ಪು ತೆರೆಯ ಮೇಲೆ ಕೆಲವು ಸಾಲುಗಳು ಮೂಡಿದವು. ಹುಡುಗಿ ಥಟ್ಟನೆ ಕೈಚಾಚಿ ಒಂದು ಕೀಲಿಯನ್ನು ಒತ್ತಿದಳು, ಸಾಲುಗಳು ಮಾಯವಾದವು.

“ಅದೇನು?” ಎಂದು ಕೇಳಿದೆವು.

“ದಿನವೂ ಬರುತ್ತದೆ, ಅಂಕಲ್. ಇದನ್ನು ಒತ್ತಿದರೆ ಹೋಗುತ್ತದೆ,” ಎಂದಳು.

ಯಂತ್ರವನ್ನು ಆರಿಸಿ ಮತ್ತೊಮ್ಮೆ ಚಾಲೂ ಮಾಡಿ, ಈ ಬಾರಿ ಎಲ್ಲರೂ ಓದಿದೆವು. ಅಡಾಪ್ಟರು ಯಾವ ಬಗೆಯದೆಂದು ತಿಳಿಯುತ್ತಿಲ್ಲ, ಆದ್ದರಿಂದ ಬ್ಯಾಟರಿ ಚಾರ್ಜ್ ಆಗದಿರಬಹುದು ಎಂಬುದು ಅದರ ಸಾರಾಂಶ. ಪ್ಲಗ್ಗನ್ನು ಬೆಳಕಿಗೆ ಹಿಡಿದಾಗ ನಡುವಿನ ಸೂಜಿ ಬಾಗಿ ಮುರಿದಿದ್ದುದು ಕಂಡಿತು. ಅವಳ ಸಹಪಾಠಿಯ ಅಡಾಪ್ಟರನ್ನು ತರಿಸಿ ಹಾಕಿದೊಡನೆ ಚಾರ್ಜಿನ ದೀಪ ಹೊತ್ತಿಕೊಂಡಿತು. ಹೊಸ ಅಡಾಪ್ಟರಿಗೆ ತಗಲಿದ್ದು ಸಾವಿರದ ಎಂಟುನೂರು ರೂಪಾಯಿ. ಪ್ರಬಂಧವೂ ಸಕಾಲಕ್ಕೆ ಒಪ್ಪಿಸಲ್ಪಟ್ಟಿತು. ಬೇಡದ ಬ್ಯಾಟರಿಗೆ ಕೊಟ್ಟ ನಾಲ್ಕು ಸಾವಿರ ಮಾತ್ರ ಹಿಂದಿರುಗಲಿಲ್ಲ.

ತನಗೇನಾಗಿದೆಯೆಂಬುದನ್ನು ಆ ಯಂತ್ರವು ದಿನವೂ ಬೆಳಗ್ಗೆ ಹೇಳುತ್ತಿತ್ತು. ಅದನ್ನು ಯಾರೂ ಓದಿರಲಿಲ್ಲ. ರಿಪೇರಿಯವರು ಪರೀಕ್ಷಿಸುವ ಮೊದಲೇ ತೀರ್ಪು ಕೊಟ್ಟಿದ್ದರು. ಮುಂದೆ ಯಾರಾದರೂ ನಿಮ್ಮ ಯಂತ್ರದ ಇಂಥ ಭಾಗ ಹೋಗಿದೆಯೆಂದು ಹೇಳಿದರೆ, ಹಣವನ್ನು ಎಣಿಸುವ ಮೊದಲು ಮರ್ಯಾದೆಯಿಂದ ಒಂದು ಪ್ರಶ್ನೆಯನ್ನು ಕೇಳಿರಿ: “ಅದು ಯಾವ ಪರೀಕ್ಷೆಯಿಂದ ತಿಳಿಯಿತು?” ಭೌತಶಾಸ್ತ್ರದ ತರಗತಿಯಲ್ಲಿ ನೀವು ಕಲಿಯುತ್ತಿರುವುದೂ ಮುಖ್ಯವಾಗಿ ಈ ಪ್ರಶ್ನೆಯನ್ನೇ.